ಹಳದಿಯ ಕೆಳಗಿನ ಕೆಂಪು

ಶಾಲಾ ಬಸ್ಸಿಗೆ ಬಳಿಯುವ ಹಳದಿ ನೋಡುವುದಕ್ಕೆ ಮಾತ್ರ ಗಟ್ಟಿ. ಕೆಳಗೆ ಇನ್ನೊಂದು ಬಣ್ಣವಿದ್ದರೆ ಅದನ್ನು ಮುಚ್ಚಿಡುವ ತಾಕತ್ತು ಅದಕ್ಕಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಂಥ ಬಸ್ಸು ತಯಾರಿಸುವ ಕಾರ್ಖಾನೆಯಲ್ಲಿ ಸೀಟು ಜೋಡಿಸಿದ ನನಗೆ ಇದು ಗೊತ್ತಿರಲಿಲ್ಲ. ನನ್ನದು ಒಳಗಿನ ಕೆಲಸ. ಗೊತ್ತಾಗುವ ಹೊತ್ತಿಗೆ ಲೊರೇನಳ ಬದುಕು ಬೀದಿಗೆ ಬಿದ್ದಿತ್ತು.

ಲೊರೇನ್ ಹಾಸ್ಟೆಟ್ಲರ್ ಬಣ್ಣದ ವಿಭಾಗದವಳು. ಇಂಡಿಯಾನಾದ ಉತ್ತರಕ್ಕಿರುವ ನಮ್ಮ ಆಲ್ಡನ್‌ವಿಲ್‌ನಲ್ಲೇ ಹುಟ್ಟಿ, ಅಲ್ಲೇ ಗ್ಲೆನ್ ಎಂಬ ಗಂಡುಹುಡುಗನಾಗಿ ಬೆಳೆದು, ಅಲ್ಲೇ ಮಾರ್ಲಿಸ್ ಎಂಬವಳನ್ನು ಮದುವೆಯಾಗಿ, ನಲವತ್ತೈದು ದಾಟಿದ ಮೇಲೆ ಒಂದು ದಿನ ತಾನು ಗಂಡಸಲ್ಲ, ಯಾವತ್ತೂ ಆಗಿರಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡವಳು. ಮಾರ್ಲಿಸ್ ಅವತ್ತೇ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೋದಳು. ಒಂದು ಚಳಿಗಾಲ ಅಲ್ಲಿ ಕಳೆದು ವಾಪಸು ಬಂದಳು. ಯಾಕೆ ಬಂದೆ ಎಂದು ನಾನು ಕೇಳಿದಾಗ, ಇನ್ನೊಬ್ಬರ ಗೊರಕೆ ಅಭ್ಯಾಸ ಮಾಡಿಕೊಳ್ಳುವ ವಯಸ್ಸು ತನ್ನದಲ್ಲ ಎಂದಳು. ಲೊರೇನ್ ಎಂಬ ಹೆಸರು ಅವಳ ಬಾಯಿಗೆ ಕೂರಲು ವರ್ಷಗಳೇ ಹಿಡಿದವು. ಕೂತ ಮೇಲೆ ಮಾತ್ರ ಅವಳ ಎದುರು ಯಾರೂ ತಪ್ಪಿ ಕೂಡ ಗ್ಲೆನ್ ಎನ್ನುವ ಹಾಗಿರಲಿಲ್ಲ. ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗಲೂ ತಿರುಗಿ ನಿಂತು ತಿದ್ದುತ್ತಿದ್ದಳು.

ಲೊರೇನ್ ಕೂದಲು ಬೆಳೆಸಿದಳು. ನರೆ ಬೆರೆತ, ಆದರೆ ನಮ್ಮೆಲ್ಲರಿಗಿಂತ ದಟ್ಟವಾದ ಕೂದಲು. ಬಣ್ಣ ಸಿಂಪಡಿಸುವವರು ಮುಖಕ್ಕೆ ದಪ್ಪ ಮಾಸ್ಕ್ ಕಟ್ಟಿಕೊಳ್ಳಬೇಕು. ಅದರ ಪಟ್ಟಿಗೆ ಕೂದಲು ಸಿಕ್ಕಿಕೊಳ್ಳಬಾರದೆಂದು ಮಾರ್ಲಿಸ್ ದಿನಾ ಬೆಳಿಗ್ಗೆ ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ನಾವಿಬ್ಬರೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುವವರು. ನಾನು ಹೊರಗೆ ನಿಂತು ಹಾರ್ನ್ ಹೊಡೆದರೆ ಕಿಟಕಿಯಿಂದ ಮಾರ್ಲಿಸಳ ಧ್ವನಿ ಕೇಳುತ್ತಿತ್ತು: "ಬಾ ಬೇಗ, ಹೆಣೀತೀನಿ. ಶಿಫ್ಟಿಗೆ ತಡ ಆಗತ್ತೆ." ಮದುವೆಯಾಗಿ ಮೂವತ್ತು ವರ್ಷವಾದವರಲ್ಲಿ ಅಷ್ಟು ಮುದ್ದು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಹೆಂಡತಿ ಡೋನಾ ನನಗೆ ಬೆಳಿಗ್ಗೆ ಕಾಫಿ ಕೂಡ ಮಾಡಿಕೊಡುವುದಿಲ್ಲ.

ನನ್ನ ಹೆಸರು ಬರ್ನಡೀನ್. ಕಾರ್ಖಾನೆಯಲ್ಲಿ ಎಲ್ಲರಿಗೂ ಬರ್ನಿ. ಅಲ್ಲಿ ನನ್ನಂಥ ಸಲಿಂಗಿಗಳೂ ಲೊರೇನಳಂಥ ಟ್ರಾನ್ಸ್ ಜನರೂ ಸೇರುವ ಪ್ರೈಡ್ ಬಳಗ ಎಂಬುದನ್ನು ಶುರು ಮಾಡಿದವಳು ನಾನೇ. ಊಟದ ಕೋಣೆಯ ಒಂದು ಮೂಲೆಯ ಮೇಜಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು, ಅಷ್ಟೇ. ಆಮೇಲೆ ಕಂಪನಿಗೆ ನಮ್ಮ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತು. ಅದು ಉಕ್ಕಿದ್ದು ಸುತ್ತಮುತ್ತಲ ಕಾರ್ಖಾನೆಗಳೆಲ್ಲ ಕೆಲಸಗಾರರು ಸಿಗದೆ ಒದ್ದಾಡುತ್ತಿದ್ದ ವರ್ಷಗಳಲ್ಲಿ ಎಂಬುದನ್ನು ನಾನು ಆಗಲೇ ಗಮನಿಸಿದ್ದೆ. ಗೇಟಿನ ಹತ್ತಿರ "ಇಲ್ಲಿ ಎಲ್ಲರಿಗೂ ಜಾಗವಿದೆ" ಎಂಬ ದೊಡ್ಡ ಫಲಕ ಬಂತು. ಸಿಬ್ಬಂದಿ ವಿಭಾಗದ ಷೆಲ್ಬಿ ಎಂಬ ಹುಡುಗಿ ಜೂನ್ ತಿಂಗಳಲ್ಲಿ ಏಳು ಬಣ್ಣದ ಕ್ರೀಮು ಹಚ್ಚಿದ ಕೇಕು ಹಂಚುತ್ತಿದ್ದಳು. ತಿಂದವರ ಹಲ್ಲೆಲ್ಲ ನೀಲಿ. ಟ್ರಾನ್ಸ್ ಜನರಿಗೆ ಕೂಡ ನಮ್ಮ ವಿಮೆ ಅನ್ವಯಿಸುತ್ತದೆ ಎಂದು ಕಂಪನಿ ಪತ್ರಿಕೆಗಳಲ್ಲಿ ಹಾಕಿಸಿತು. ಲೊರೇನಳ ಫೋಟೋ ತೆಗೆದು ಕಚೇರಿಯ ಗೋಡೆಗೆ ತೂಗುಹಾಕಿದರು. ಸಿಂಪಡಿಸುವ ಗನ್ನು ಕೈಯಲ್ಲಿ, ಜಡೆ ಹೆಗಲ ಮೇಲೆ. ಬೇಡ ಬೇಡ ಎನ್ನುತ್ತಲೇ ಲೊರೇನ್ ಅದರ ಮುಂದೆ ಹಾದುಹೋಗುವಾಗಲೆಲ್ಲ ಒಮ್ಮೆ ಕಣ್ಣೆತ್ತಿ ನೋಡುತ್ತಿದ್ದಳು. ನನಗೂ ಆಗ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಜೂನ್ ತಿಂಗಳ ಪ್ರೈಡ್ ಮೆರವಣಿಗೆಗೆ ಕಂಪನಿ ಒಂದು ಬಸ್ಸನ್ನೇ ಕೊಟ್ಟಿತು. ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಬಸ್ಸು, ರಸ್ತೆ ಕಂಡಿದ್ದು ಕಡಿಮೆ. ಅದರ ಎರಡೂ ಮಗ್ಗುಲಿಗೆ ಕಿಟಕಿಯ ಕೆಳಗೆ ಉದ್ದಕ್ಕೂ ನಮ್ಮ ಬಾವುಟದ ಕಾಮನಬಿಲ್ಲಿನ ಪಟ್ಟೆಗಳನ್ನು ಎಳೆದವಳು ಲೊರೇನ್. ಹಸಿರು, ನೀಲಿ, ನೇರಳೆ ಎಲ್ಲ ಹೊಸ ಡಬ್ಬಿಯವು. ಕೆಂಪು ಮಾತ್ರ ಯಾವುದೋ ಕಾಲದಲ್ಲಿ ಅಗ್ನಿಶಾಮಕ ಲಾರಿಗೆಂದು ತರಿಸಿ ಉಗ್ರಾಣದಲ್ಲಿ ಉಳಿದುಹೋಗಿದ್ದ ಹಳೆಯ ಸರಕು. ಹೊಸ ಕೆಂಪು ಸಪ್ಪೆ, ಇದಾದರೆ ಒಂದು ಮೈಲಿ ದೂರದಿಂದ ಕೂಗುತ್ತದೆ ಎಂದು ಅವಳೇ ಹುಡುಕಿ ತಂದಿದ್ದಳು. ಮೊದಲ ವರ್ಷದ ಮೆರವಣಿಗೆಯಲ್ಲಿ ಆ ಬಸ್ಸಿನ ಮುಂದಿನ ಸೀಟಿನಲ್ಲಿ ಮಾರ್ಲಿಸ್ ಕೂತು ಕಿಟಕಿಯಿಂದ ಮಿಠಾಯಿ ಎಸೆದಳು. ಚರ್ಚಿನ ಗೆಳತಿಯರು ನೋಡಿದರೆ ನೋಡಲಿ ಎಂದು ಬೇಕೆಂದೇ ಮುಖ ಹೊರಗೆ ಹಾಕಿದ್ದಳು.

ಆಮೇಲೆ ಗಾಳಿ ತಿರುಗಿತು. ವಾಷಿಂಗ್ಟನ್‌ನಲ್ಲಿ ಕೂತವರು ಬದಲಾದರು. ಸರ್ಕಾರದ ದುಡ್ಡು ಬೇಕೆನ್ನುವ ಕಂಪನಿಗಳು ಇಂಥ ಬಳಗಗಳನ್ನು ಇಟ್ಟುಕೊಂಡರೆ ತೊಂದರೆಯಾದೀತು ಎಂದು ವಕೀಲರು ಹೇಳಿದರಂತೆ. ಶಾಲಾ ಬಸ್ಸು ಕೊಳ್ಳುವವರು ಸರ್ಕಾರದವರೇ. ಉಕ್ಕಿನ ಬೆಲೆ ಏರಿತು, ಹೊರದೇಶದಿಂದ ಬರಬೇಕಾದ ಬಿಡಿಭಾಗಗಳು ಬಂದರಿನಲ್ಲೇ ಉಳಿದವು, ಬ್ಯಾಟರಿ ಬಸ್ಸುಗಳಿಗೆಂದು ಕೊಡುತ್ತೇವೆ ಎಂದಿದ್ದ ನೆರವನ್ನು ನಿಲ್ಲಿಸಿದರು. ಒಂದು ಸೋಮವಾರ ಹೋಗಿ ನೋಡಿದರೆ ಗೇಟಿನ ಫಲಕ ಇಲ್ಲ. ಗೋಡೆಯ ಮೇಲೆ ಲೊರೇನಳ ಫೋಟೋ ಇದ್ದ ಕಡೆ ಸುರಕ್ಷತೆಯ ನಿಯಮಗಳ ಪಟ್ಟಿ. ಬಳಗದ ಸಭೆಗಳನ್ನು "ಸದ್ಯಕ್ಕೆ" ನಿಲ್ಲಿಸೋಣ ಎಂದು ಷೆಲ್ಬಿ ನನ್ನ ಬಳಿ ಬಂದು ಹೇಳಿದಳು. ಅವಳ ಕೇಕು ತಿಂದ ಬಾಯಲ್ಲಿ ಅವಳಿಗೆ ಬೈಯಲು ಆಗಲಿಲ್ಲ, ಸುಮ್ಮನೆ ಸೀಟಿನ ಬೋಲ್ಟು ಬಿಗಿದೆ. ಮೆರವಣಿಗೆಯ ಬಸ್ಸನ್ನು ಹಿಂದಿನ ಶೆಡ್ಡಿಗೆ ತಳ್ಳಿ ಟಾರ್ಪಾಲು ಹೊದಿಸಿದರು.

ಆ ಚಳಿಗಾಲದಲ್ಲೇ ಮಾರ್ಲಿಸಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಎದೆಯಲ್ಲಿ ಶುರುವಾಗಿ ಮೂಳೆಗೆ ಇಳಿದಿತ್ತು. ಹೊಸ ಔಷಧಿಯೊಂದು ಅದನ್ನು ಹಿಡಿದು ನಿಲ್ಲಿಸಬಹುದು ಎಂದು ಡಾಕ್ಟರು ಹೇಳಿದರು. ಅದರ ಬೆಲೆ ಕೇಳಿದರೆ ಆರೋಗ್ಯವಂತರಿಗೂ ಕಾಯಿಲೆ ಬರುವಂಥದ್ದು. ಆದರೆ ಲೊರೇನಳ ಕೆಲಸಕ್ಕೆ ಅಂಟಿಕೊಂಡಿದ್ದ ಕಂಪನಿಯ ವಿಮೆ ಅದನ್ನು ಭರಿಸುತ್ತಿತ್ತು. ಹಾಗಾಗಿ ಲೊರೇನಳಿಗೆ ಈಗ ಕೆಲಸ ಎಂದರೆ ಸಂಬಳವಲ್ಲ, ಮಾರ್ಲಿಸಳ ಉಸಿರು. ಯಾರಾದರೂ ಏನಾದರೂ ಅಂದರೆ ಎದುರು ಮಾತಾಡುವುದನ್ನು ಬಿಟ್ಟಳು. ಫೋಟೋ ತೆಗೆದದ್ದಕ್ಕೆ ನಾನು ಕೂಗಾಡಿದರೆ, "ಗೋಡೆ ಅವರದ್ದು ಬಿಡೇ" ಎಂದಳು.

ವಸಂತದಲ್ಲಿ ದಕ್ಷಿಣದ ಒಂದು ಕೌಂಟಿಯ ಶಾಲೆಗಳು ಆರು ಬಸ್ಸು ಬೇಕೆಂದವು. ಚೆನ್ನಾಗಿ ಓಡಿದರೆ ಬೇಸಿಗೆಯ ನಂತರ ಇನ್ನೂ ನಲವತ್ತು ತೆಗೆದುಕೊಳ್ಳುವುದಾಗಿ ಮಾತು. ನಲವತ್ತು ಬಸ್ಸೆಂದರೆ ನಮ್ಮ ಎರಡನೇ ಶಿಫ್ಟು ಉಳಿಯುತ್ತಿತ್ತು. ಐದು ಬಸ್ಸು ಸಿದ್ಧವಾದವು. ಆರನೆಯದರ ಚಾಸಿ, ಎಂದರೆ ಬಸ್ಸಿನ ತಳಕಟ್ಟು, ಬರಲೇ ಇಲ್ಲ. ಕಾರ್ಖಾನೆಯ ಮ್ಯಾನೇಜರು ಕರ್ಟ್ ಬ್ರೆನ್ನಮನ್‌ಗೆ ಶೆಡ್ಡಿನಲ್ಲಿದ್ದ ಬಸ್ಸು ನೆನಪಾಯಿತು. ತೋರಿಕೆಗೆ ಇಟ್ಟಿದ್ದ ಬಸ್ಸು, ಸ್ವಲ್ಪ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ಅವರನ್ನು ಒಪ್ಪಿಸಿದ. ಮೈಮೇಲೆ ಏನು ಬಳಿದಿತ್ತು ಎಂಬುದನ್ನು ಹೇಳಲಿಲ್ಲ. ಎರಡು ದಿನದಲ್ಲಿ ಹಳದಿ ಮಾಡಿ ಎಂದು ಬಣ್ಣದ ವಿಭಾಗಕ್ಕೆ ಕಳಿಸಿದ. ಕೆಲಸ ಲೊರೇನಳ ಪಾಲಿಗೆ ಬಂತು.

ಹಳೆಯ ಬಣ್ಣವನ್ನು ತಗಡು ಕಾಣುವವರೆಗೆ ಉಜ್ಜಬೇಕು. ಇಲ್ಲವೇ ಅದರ ಮೇಲೆ ಸೀಲರ್ ಎಂಬ ತಡೆಯುವ ಲೇಪ ಕೊಟ್ಟು ಆಮೇಲೆ ಹಳದಿ ಹೊಡೆಯಬೇಕು. ಅದರಲ್ಲೂ ಆ ಕಾಲದ ಕೆಂಪು ಬಲು ಹಟಮಾರಿ. ಬಿಸಿಲು ಬಿದ್ದರೆ ಮೇಲಿನ ಬಣ್ಣದೊಳಗೆ ಕರಗಿ ಮೇಲಕ್ಕೆ ಬರುತ್ತದೆ. ಇದು ಲೊರೇನಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವತ್ತು ಅವಳಿಗೆ ಆ ಬಸ್ಸನ್ನು ನೋಡುವುದಕ್ಕೇ ಆಗಲಿಲ್ಲವಂತೆ. ಟಾರ್ಪಾಲು ಎಳೆದಾಗ ಮುಂದಿನ ಸೀಟಿನ ಕೆಳಗೆ ಮಿಠಾಯಿಯೊಂದು ಸಿಕ್ಕಿತು, ಮಾರ್ಲಿಸ್ ಎಸೆಯದೆ ಉಳಿಸಿದ್ದು. ಅದನ್ನು ಜೇಬಿಗೆ ಹಾಕಿಕೊಂಡು, ಪಟ್ಟೆಗಳನ್ನು ಮೇಲೆ ಮೇಲೆ ಉಜ್ಜಿ, ನೇರ ಹಳದಿ ಹೊಡೆದು, ಯಾವಾಗ ಕಣ್ಮುಂದಿಂದ ಹೋದೀತೋ ಎಂದು ಹೊರಗೆ ದಬ್ಬಿದಳು. ಅಷ್ಟು ವರ್ಷಗಳಲ್ಲಿ ಅವಳು ಅರೆಬರೆ ಮಾಡಿದ ಕೆಲಸ ಅದೊಂದೇ.

ಮೇ ತಿಂಗಳ ಬಿಸಿಲು ಬಿತ್ತು. ಆ ಕೌಂಟಿಯ ತಾಯಿಯೊಬ್ಬಳು ಮಗನನ್ನು ಬಸ್ಸು ಹತ್ತಿಸುವಾಗ ಹಳದಿಯ ಮೇಲೆ ಉದ್ದಕ್ಕೆ ಒಂದು ಗುಲಾಬಿ ಗೆರೆ ಕಂಡಳು. ದಿನಾ ಸ್ವಲ್ಪ ಸ್ವಲ್ಪ ಕೆಂಪಾಯಿತು. ಸಂಜೆಯ ಓರೆ ಬಿಸಿಲಿನಲ್ಲಿ ಅದರ ಕೆಳಗೆ ಉಳಿದ ಪಟ್ಟೆಗಳ ಅಂಚೂ ಒಂದರ ಕೆಳಗೊಂದು ಉಬ್ಬಿ ಕಂಡಿತು. ಯಾರೋ ಫೋನಿನಲ್ಲಿ ಹುಡುಕಿ ನಮ್ಮ ಮೆರವಣಿಗೆಯ ಹಳೆಯ ಫೋಟೋ ತೆಗೆದರು. ಅದೇ ಬಸ್ಸು. ನಮ್ಮ ಮಕ್ಕಳ ಬಸ್ಸಿನೊಳಗೆ ಕದ್ದು ಕಾಮನಬಿಲ್ಲು ಸೇರಿಸಿ ಕಳಿಸಿದ್ದಾರೆ ಎಂದು ಊರಿಗೆ ಊರೇ ಎದ್ದಿತು. ಬಣ್ಣ ಬಳಿದವರು ಯಾರು ಎಂಬುದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಪನಿಯೇ ಹಿಂದೆ ಹೆಮ್ಮೆಯಿಂದ ಹರಡಿದ್ದ ಫೋಟೋ ಇತ್ತಲ್ಲ. ಬೇಕೆಂದೇ ಮಾಡಿದ್ದು ಎಂದು ಎಲ್ಲರೂ ತೀರ್ಮಾನಿಸಿದರು. ಆರೂ ಬಸ್ಸು ವಾಪಸು, ನಲವತ್ತರ ಮಾತು ಮರೆತುಬಿಡಿ ಎಂದು ಶಾಲಾ ಮಂಡಳಿ ಕರ್ಟ್‌ಗೆ ಹೇಳಿ ಕಳಿಸಿತು.

ಕರ್ಟ್ ಲೊರೇನಳನ್ನು ಕಚೇರಿಗೆ ಕರೆದ. ಅವಳು ನನ್ನನ್ನೂ ಜೊತೆಗೆ ಕರೆದೊಯ್ದಳು. ಷೆಲ್ಬಿ ಅಲ್ಲೇ ಇದ್ದಳು, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ. ಲೊರೇನ್ ಸುತ್ತುಬಳಸಲಿಲ್ಲ. ತಪ್ಪು ತನ್ನದೇ, ಸೀಲರ್ ಹಾಕಲಿಲ್ಲ, ಬೇಕೆಂದು ಮಾಡಿದ್ದಲ್ಲ, ತಾನೇ ಹೋಗಿ ತಗಡಿನವರೆಗೆ ಉಜ್ಜಿ ಹೊಸದಾಗಿ ಬಳಿದುಕೊಡುತ್ತೇನೆ ಎಂದಳು. ಕರ್ಟ್ ತಲೆಯಾಡಿಸಿದ. ಗುರುವಾರ ಸಂಜೆ ಶಾಲಾ ಮಂಡಳಿಯ ಬಹಿರಂಗ ಸಭೆಯಿದೆ, ಅಲ್ಲಿ ಬಂದು ಇದೇ ಮಾತು ಹೇಳಬೇಕು ಎಂದ. ಹೇಳುತ್ತೇನೆ ಎಂದಳು.

ಆಗ ಷೆಲ್ಬಿ ಬಾಯಿ ಬಿಟ್ಟಳು. ಹೇಳುವುದೇನೋ ಸರಿ, ಆದರೆ ಹೇಗೆ ಕಾಣಿಸಿಕೊಳ್ಳುತ್ತೀರಿ ಎಂಬುದೂ ಮುಖ್ಯ. ಅಲ್ಲಿಯ ಜನ ಬೇರೆ ಥರ. ಅವರ ಮನಸ್ಸಿಗೆ ಹತ್ತಿರವಾಗುವಂತೆ, ಅಂದರೆ ನಿಮ್ಮ ಹಳೆಯ ಸಹೋದ್ಯೋಗಿಗಳು ನಿಮ್ಮನ್ನು ಕಂಡಿದ್ದ ಹಾಗೆ... ಅವಳು ಹೀಗೇ ತಡವರಿಸುತ್ತ ಎಲ್ಲಿಗೂ ತಲುಪಲಿಲ್ಲ.

"ಗ್ಲೆನ್ ಆಗಿ ಬನ್ನಿ ಅಂತಿದಾಳೆ," ಎಂದ ಕರ್ಟ್. "ಈ ಜಡೆ ಹಾಕ್ಕೊಂಡು ಬಂದ್ರೆ ಅವರು ಬಣ್ಣದ ಮಾತು ಕೇಳಲ್ಲ. ನಿಮ್ಮನ್ನೇ ನೋಡ್ತಾ ಕೂತಿರ್ತಾರೆ."

ನನ್ನ ಮೈ ಉರಿಯಿತು. ಮೂರು ವರ್ಷದ ಹಿಂದೆ ಇದೇ ಜಡೆಯ ಫೋಟೋ ಗೋಡೆಗೆ ಹಾಕಿದ್ದು ಯಾರು ಎಂದು ಕೇಳಿದೆ. ಕರ್ಟ್ ನನ್ನತ್ತ ತಿರುಗಲೂ ಇಲ್ಲ. ಕೆಟ್ಟವನೆಂದು ಹೇಳಲಾರೆ, ಅವನಿಗೂ ಮೇಲಿನಿಂದ ಒತ್ತಡ. ಆದರೆ ಹೆದರಿದ ಮನುಷ್ಯ ಕೆಟ್ಟವನಿಗಿಂತ ಎಷ್ಟು ಕಡಿಮೆ ಹಾನಿ ಮಾಡುತ್ತಾನೆ ಎಂದು ನನಗೆ ಯಾರಾದರೂ ತೋರಿಸಿಕೊಡಲಿ. ಇನ್ನೂರು ಮನೆಯ ಒಲೆ ಉರಿಯುವುದು ಈ ಆರ್ಡರಿನ ಮೇಲೆ ನಿಂತಿದೆ ಎಂದ. ಬರದಿದ್ದರೆ ಏನಾಗುತ್ತದೆ ಎಂದು ಅವನು ಹೇಳಲಿಲ್ಲ, ಲೊರೇನ್ ಕೇಳಲಿಲ್ಲ.

ಅವಳು ಕೇಳಿದ್ದು ಒಂದೇ. "ಮಾರ್ಲಿಸ್‌ದು ಟ್ರೀಟ್‌ಮೆಂಟ್ ನಡೀತಿದೆ. ವಿಮೆ ಇರತ್ತಲ್ವಾ?"

"ನೀವು ಇಲ್ಲಿ ಇರೋವರೆಗೂ ಇರತ್ತೆ," ಎಂದ ಕರ್ಟ್.

ಹೊರಗೆ ಬಂದ ಮೇಲೆ ನಾನು ಅವಳನ್ನು ತಡೆದು ನಿಲ್ಲಿಸಿದೆ. ಬೇಕಿದ್ದರೆ ಕೂದಲನ್ನು ಮೇಲಕ್ಕೆ ಕಟ್ಟಿ ಟೋಪಿ ಹಾಕಿಕೋ, ಒಂದು ಸಂಜೆಯ ಮಾತಲ್ಲವೇ ಎಂದೆ. ಅವಳು ಒಪ್ಪಲಿಲ್ಲ.

"ಅರ್ಧಂಬರ್ಧ ಮಾಡಿದ್ದಕ್ಕೇ ಕಣೇ ಇಷ್ಟೆಲ್ಲ ಆಗಿದ್ದು. ಈ ಸಲ ಪೂರ್ತಿ ಮಾಡ್ತೀನಿ."

ಮಾರ್ಲಿಸ್ ಆ ವಾರ ಆಸ್ಪತ್ರೆಯಲ್ಲಿದ್ದಳು. ಅವಳಿಗೆ ಹೇಳಬೇಡ ಎಂದು ನನ್ನಿಂದ ಭಾಷೆ ತೆಗೆದುಕೊಂಡು ಲೊರೇನ್ ಕ್ಷೌರದ ಅಂಗಡಿಗೆ ಹೋದಳು. ಕಾರು ಓಡಿಸಿದ್ದು ನಾನು. ಕ್ಷೌರಿಕ ವಯಸ್ಸಾದ ಮನುಷ್ಯ, ಜಡೆ ಕೈಯಲ್ಲಿ ಹಿಡಿದು ಎರಡೆರಡು ಸಲ ಕೇಳಿದ, ನಿಜವಾಗಿಯೂ ಕತ್ತರಿಸಲೇ ಎಂದು. ನಿಜವಾಗಿಯೂ ಎಂದಳು. ಕ್ಯಾನ್ಸರ್ ಬಂದು ಕೂದಲುದುರಿದವರಿಗೆ ವಿಗ್ ಮಾಡಿಕೊಡುವ ಸಂಸ್ಥೆಗೆ ಇಂಥ ಉದ್ದ ಜಡೆಗಳನ್ನು ಕಳಿಸುತ್ತೇವೆ, ಕಳಿಸಬಹುದೇ ಎಂದು ಅವನು ಕೇಳಿದಾಗ ಲೊರೇನ್ ನಕ್ಕಳು. ಕಳಿಸಿ ಎಂದಳು. ಅವನು ಜಡೆಯ ಎರಡೂ ತುದಿಗೆ ರಬ್ಬರು ಹಾಕಿ ಕತ್ತರಿಸಿ ಲಕೋಟೆಗೆ ಹಾಕಿದ. ಆಮೇಲೆ ಮೆಷಿನ್ನು ಹಿಡಿದು ಕುತ್ತಿಗೆಯಿಂದ ಮೇಲಕ್ಕೆ ನುಣ್ಣಗೆ ತೆಗೆದ. ಕನ್ನಡಿಯೊಳಗೆ ಒಬ್ಬ ಗಂಡಸು ಬಂದು ಕೂತ. ಅವನನ್ನು ನಾನು ಹಿಂದೆ ಬಲ್ಲೆ, ಯಾರ ಜೊತೆಯೂ ಮಾತಾಡದೆ ಊಟದ ಡಬ್ಬಿ ಬಿಚ್ಚುತ್ತಿದ್ದ ಮನುಷ್ಯ. ಅವನು ಮತ್ತೆ ಬರುತ್ತಾನೆಂದು ಎಣಿಸಿರಲಿಲ್ಲ.

ಗುರುವಾರ ಸಭೆ ನಡೆದದ್ದು ಶಾಲೆಯ ಜಿಮ್‌ನಲ್ಲಿ. ಬಾಸ್ಕೆಟ್‌ಬಾಲ್ ಬುಟ್ಟಿಗಳ ಕೆಳಗೆ ಮಡಚುವ ಕುರ್ಚಿಗಳು, ಒಂದು ಪಕ್ಕ ಕಾಫಿ ಮತ್ತು ಮನೆಯಲ್ಲಿ ಮಾಡಿ ತಂದ ಬಿಸ್ಕತ್ತು. ಲೊರೇನ್ ಮದುವೆಯ ಸೂಟು ತೊಟ್ಟಿದ್ದಳು. ಹೆಗಲಲ್ಲಿ ಸಡಿಲ, ಎದೆಯಲ್ಲಿ ಬಿಗಿ. ಮಾರ್ಲಿಸ್ ಅದನ್ನು ಬಿಸಾಡದೆ ಯಾಕೆ ಇಟ್ಟುಕೊಂಡಿದ್ದಳೋ, ಅಂತೂ ಕಂಪನಿಗೆ ಉಪಯೋಗಕ್ಕೆ ಬಂತು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮೊದಲು ನಾಲ್ಕಾರು ತಂದೆತಾಯಿಯರು ಎದ್ದು ಮಾತಾಡಿದರು. ಒಬ್ಬ ಕೈಯಲ್ಲಿ ಬೈಬಲ್ ಹಿಡಿದಿದ್ದ. ಇನ್ನೊಬ್ಬಳು ಅತ್ತಳು, ಮಗನನ್ನು ಇನ್ನು ತಾನೇ ಕಾರಿನಲ್ಲಿ ಬಿಡುತ್ತೇನೆ ಎಂದಳು. ಅವಳ ಭಯ ನಟನೆಯಾಗಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಆಮೇಲೆ ಲೊರೇನ್ ಎದ್ದು ಮೈಕಿನ ಮುಂದೆ ನಿಂತಳು. ವರ್ಷಗಟ್ಟಲೆ ಪಾಠ ಹೇಳಿಸಿಕೊಂಡು ತಿದ್ದಿದ್ದ ಧ್ವನಿಯನ್ನು ಬಿಟ್ಟು, ಎದೆಯ ತಳದಿಂದ ಹಳೆಯದನ್ನು ತೆಗೆದಳು.

"ನನ್ನ ಹೆಸರು ಗ್ಲೆನ್ ಹಾಸ್ಟೆಟ್ಲರ್. ಆ ಬಸ್ಸಿಗೆ ಪೇಂಟ್ ಮಾಡಿದ್ದು ನಾನೇ. ಸೀಲರ್ ಹಾಕ್ಬೇಕಿತ್ತು, ಹಾಕ್ಲಿಲ್ಲ. ನಿಮ್ಮ ಮಕ್ಕಳಿಗೆ ಏನೋ ಮಾಡ್ಬೇಕು ಅಂತ ಮಾಡಿದ್ದಲ್ಲ. ಕೆಲಸ ಸರಿಯಾಗಿ ಮಾಡ್ಲಿಲ್ಲ, ಅಷ್ಟೇ. ಕ್ಷಮಿಸಿ."

ಫೋಟೋದಲ್ಲಿ ಕಂಡ ಜಡೆಯ ಹೆಂಗಸನ್ನು ಹರಿದು ತಿನ್ನಲು ಬಂದವರಿಗೆ ಟೈ ಕಟ್ಟಿದ, ಬೋಳುಕತ್ತಿನ, ಅವರ ಅಣ್ಣನಂತೆಯೋ ಚರ್ಚಿನ ಹಿರಿಯನಂತೆಯೋ ಕಾಣುವ ಮನುಷ್ಯ ಸಿಕ್ಕಿದ್ದ. ಒಬ್ಬ ಮುದಿ ರೈತ ಎದ್ದು, ತನ್ನ ಟ್ರ್ಯಾಕ್ಟರಿನ ಕೆಂಪೂ ಹೀಗೇ ಮೇಲೆ ಬಂದಿತ್ತು, ಕೆಂಪು ಬಣ್ಣವೇ ಹಾಗೆ ಎಂದ. ಕೆಲವರು ನಕ್ಕರು. ನಕ್ಕ ಮೇಲೆ ಜನರಿಗೆ ಸಿಟ್ಟು ಉಳಿಯುವುದಿಲ್ಲ. ಸಭೆ ಮುಗಿದಾಗ, ಅತ್ತಿದ್ದ ಆ ತಾಯಿಯೇ ಬಂದು ಲೊರೇನಳ ಕೈ ಹಿಡಿದುಕೊಂಡಳು.

"ತಪ್ಪು ಒಪ್ಕೊಳ್ಳೋಕೆ ಗಂಡೆದೆ ಬೇಕು ಸರ್. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಲೊರೇನ್ ಥ್ಯಾಂಕ್ಸ್ ಹೇಳಿದಳು. ಕರ್ಟ್ ದೂರದಿಂದ ಹೆಬ್ಬೆರಳು ಎತ್ತಿದ. ವಾಪಸು ಬರುವಾಗ ಕಾರಿನಲ್ಲಿ ಲೊರೇನ್ ಟೈ ಬಿಚ್ಚಲಿಲ್ಲ. ನಾನು ಬೈದೆ, ಕಂಪನಿಯನ್ನು, ಆ ಊರನ್ನು, ಕೊನೆಗೆ ಬಿಸ್ಕತ್ತನ್ನೂ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮಂಡಳಿ ಐದು ಬಸ್ಸುಗಳನ್ನು ಇಟ್ಟುಕೊಂಡಿತು, ಆ ಬಸ್ಸು ಮಾತ್ರ ಸರಿಪಡಿಸಲೆಂದು ವಾಪಸು ಬಂತು. ಲೊರೇನ್ ಅದನ್ನು ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿ, ಸೀಲರ್ ಕೊಟ್ಟು, ಮತ್ತೆ ಹಳದಿ ಮಾಡಿ ಕಳಿಸಿದಳು. ಕಾರ್ಖಾನೆಯಲ್ಲಿ ಕೆಲವರು ಅವಳ ಕಣ್ಣು ತಪ್ಪಿಸಿ ಓಡಾಡಿದರು. ಕೆಲವರು ಅವತ್ತಿನಿಂದ ಗ್ಲೆನ್ ಎಂದು ಕರೆಯಲು ಶುರು ಮಾಡಿದರು, ಕಾಯುತ್ತಿದ್ದವರ ಹಾಗೆ. "ಬಾರೋ ಗ್ಲೆನ್, ಗಂಡಸರ ಮೇಜಿಗೆ ಬಾ," ಎಂದು ಊಟದ ಹೊತ್ತಿಗೆ ಒಬ್ಬ ಕೂಗಿದ. ನಾನು ಕಾಫಿ ಲೋಟ ಎತ್ತಿಕೊಂಡು ಎದ್ದೆ. ಲೊರೇನ್ ನನ್ನ ತೋಳು ಹಿಡಿದು ಕೂರಿಸಿದಳು. ಕೂದಲು ಬೆಳೆಯುತ್ತದೆ, ಮಾರ್ಲಿಸಳ ಔಷಧಿ ಕೆಲಸ ಮಾಡುತ್ತಿದೆ, ಇನ್ನೇನು ಬೇಕು ಎಂದಳು. ಆಸ್ಪತ್ರೆಗೆ ಹೋಗುವಾಗ ಉಣ್ಣೆಯ ಟೋಪಿ ಹಾಕಿಕೊಂಡು ಹೋಗುತ್ತಿದ್ದಳು, ಜೂನ್ ತಿಂಗಳಲ್ಲಿ. ಮಾರ್ಲಿಸ್ ಔಷಧಿಯ ಮಂಪರಿನಲ್ಲಿ ಹೆಚ್ಚೇನೂ ಕೇಳಲಿಲ್ಲ.

ಆ ಜೂನ್‌ನಲ್ಲಿ ಕೇಕು ಇರಲಿಲ್ಲ, ಮೆರವಣಿಗೆಗೆ ನಮ್ಮ ಬಸ್ಸು ಇರಲಿಲ್ಲ. ತಿಂಗಳ ಕೊನೆಯಲ್ಲಿ ಕೌಂಟಿಯವರಿಂದ ಸುದ್ದಿ ಬಂತು. ಬಣ್ಣದ ಬಗ್ಗೆ ಅವರಿಗೆ ಈಗ ಯಾವ ದೂರೂ ಇರಲಿಲ್ಲ. ಅವರಿಗೆ ಬರಬೇಕಾಗಿದ್ದ ಸರ್ಕಾರದ ನೆರವೇ ನಿಂತುಹೋಗಿತ್ತು. ನಲವತ್ತು ಬಸ್ಸು ಬೇಡ, ಒಂದೂ ಬೇಡ. ಅಷ್ಟೇ. ಆ ಜಡೆ, ಆ ಸೂಟು, ಮೈಕಿನ ಮುಂದೆ ತೆಗೆದ ಆ ಧ್ವನಿ, ಯಾವುದಕ್ಕೂ ಆರ್ಡರು ಬರುವುದಕ್ಕೂ ಹೋಗುವುದಕ್ಕೂ ಸಂಬಂಧವೇ ಇರಲಿಲ್ಲ. ಎರಡನೇ ಶಿಫ್ಟು ಮುಚ್ಚಿದರು, ಬಣ್ಣದ ವಿಭಾಗವನ್ನು ಅರ್ಧ ಮಾಡಿದರು. ಯಾರನ್ನು ತೆಗೆಯಬೇಕು ಎಂಬಲ್ಲಿ, ದೂರು ಬಂದವರ ಹೆಸರು ಮೊದಲು ಬಂತು. ಷೆಲ್ಬಿ ಲೊರೇನಳನ್ನು ಕೂರಿಸಿ ವಿಷಯ ಹೇಳುವಾಗ ಅತ್ತಳಂತೆ. ಲೊರೇನಳೇ ಅವಳಿಗೆ ಕಣ್ಣೊರೆಸಲು ಕಾಗದ ಕೊಟ್ಟಳಂತೆ. ವಿಮೆ ಕೆಲಸ ಹೋದ ತಿಂಗಳ ಕೊನೆಯವರೆಗೆ. ಬೇಕಿದ್ದರೆ ಸ್ವಂತ ಖರ್ಚಿನಲ್ಲಿ ಮುಂದುವರಿಸಿಕೊಳ್ಳಬಹುದು ಎಂದಳಂತೆ, ಅದಕ್ಕೆ ಬೇಕಾದಷ್ಟು ಸಂಬಳವನ್ನು ಈಗಷ್ಟೇ ಕಿತ್ತುಕೊಂಡವಳು.

ನನ್ನನ್ನು ಉಳಿಸಿಕೊಂಡರು. ಯಾಕೆ ಎಂದು ನನಗೆ ಗೊತ್ತಿಲ್ಲ. ಆವತ್ತಿನಿಂದ ಆ ಕಾರ್ಖಾನೆಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ.

ಲೊರೇನ್ ಸುಮ್ಮನೆ ಕೂರಲಿಲ್ಲ. ಸರ್ಕಾರದ ಬಡವರ ವಿಮೆಗೆ ಅರ್ಜಿ ಹಾಕಿದಳು, ಔಷಧಿ ಕಂಪನಿಯ ದಾನಕ್ಕೆ ಅರ್ಜಿ ಹಾಕಿದಳು, ಫೋನು ಹಿಡಿದು ಗಂಟೆಗಟ್ಟಲೆ ಅವರ ಸಂಗೀತ ಕೇಳಿದಳು. ಕೆಲವು ವಾರ ಔಷಧಿ ತಪ್ಪಿತು. ಉತ್ತರ ಬರುವ ಹೊತ್ತಿಗೆ ಕಾಯಿಲೆ ಮಾರ್ಲಿಸಳ ಮಿದುಳಿಗೆ ಏರಿತ್ತು. ಇನ್ನು ಆ ಔಷಧಿಯಿಂದ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ, ನೋವಾಗದಂತೆ ನೋಡಿಕೊಳ್ಳಿ ಎಂದರು ಡಾಕ್ಟರು.

ನಾನು ಭಾನುವಾರ ಮಧ್ಯಾಹ್ನ ಚಿಕನ್ ನೂಡಲ್ಸ್ ಮಾಡಿಕೊಂಡು ಅವರ ಮನೆಗೆ ಹೋದೆ. ಮಾರ್ಲಿಸಳ ಮಂಚವನ್ನು ಮುಂದಿನ ಕೋಣೆಗೆ ತಂದಿದ್ದರು, ಕಿಟಕಿಯ ಬಿಸಿಲು ಬೀಳುವ ಕಡೆ. ತುಂಬ ಸಣ್ಣಗಾಗಿದ್ದಳು. ನನ್ನನ್ನು ತಕ್ಷಣ ಗುರುತು ಹಿಡಿದಳು. ಬರ್ನಿ, ನೀನು ದಪ್ಪ ಆಗಿದೀಯ ಎಂದಳು. ನನಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಲೊರೇನ್ ಒಳಗಿನಿಂದ ಮಾತ್ರೆ, ನೀರು ಹಿಡಿದು ಬಂದಳು. ಸೆಕೆಗೆ ಟೋಪಿ ತೆಗೆದಿದ್ದಳು. ಕೂದಲು ಇನ್ನೂ ಬೆರಳಿಗೆ ಸಿಗದಷ್ಟು ಗಿಡ್ಡ.

ಮಾರ್ಲಿಸ್ ಹೊದಿಕೆ ಎದೆಗೆ ಎಳೆದುಕೊಂಡಳು. ಅವಳ ಕಣ್ಣಲ್ಲಿ ಹೆದರಿಕೆ ಕಂಡೆ.

"ಬರ್ನಿ, ಯಾರು ಈ ಗಂಡಸು? ಯಾಕೆ ಒಳಗೆ ಬಿಟ್ಟೆ?"

ಲೊರೇನ್ ನಿಂತಲ್ಲೇ ನಿಂತಳು. ನಾನು ಮಂಚದ ಅಂಚಿನಲ್ಲಿ ಕೂತು, ಸರಿಯಾಗಿ ನೋಡು, ಇದು ಲೊರೇನ್ ಎಂದೆ. ಮಾರ್ಲಿಸ್ ಬಹಳ ಹೊತ್ತು ನೋಡಿದಳು. ಏನೋ ಹೊಳೆದ ಹಾಗೆ ತಲೆಯಾಡಿಸಿದಳು.

"ಇಲ್ಲಮ್ಮ. ಇವನು ಗ್ಲೆನ್. ಇವನು ಹೋಗಿ ಎಷ್ಟೋ ಕಾಲ ಆಯ್ತು." ಅವಳ ಧ್ವನಿ ಮೆತ್ತಗಾಯಿತು, ಮನೆಗೆ ಬಂದ ನೆಂಟನಿಗೆ ಬೇಸರವಾಗದಂತೆ ಹೇಳುವ ಹಾಗೆ. "ಒಳ್ಳೆಯವನೇ. ಪಾಪ, ಯಾವಾಗ್ಲೂ ಸಪ್ಪಗಿರ್ತಿದ್ದ. ಆದ್ರೆ ನಂಗೆ ಲೊರೇನ್ ಬೇಕು. ಮಾತ್ರೆ ಅವಳ ಕೈಯಿಂದ್ಲೇ ತಗೋತೀನಿ. ಅವಳನ್ನ ಕರಿ."

ಲೊರೇನಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ನೆಲ ನೋಡಿದೆ. ಜಡೆ ತುಂಬಿದ ಆ ಲಕೋಟೆ ಯಾವ ಊರಿಗೆ ಹೋಗಿರಬಹುದು, ಆ ಕೂದಲು ಯಾರ ತಲೆಯ ಮೇಲಿರಬಹುದು ಎಂಬುದೊಂದೇ ಯೋಚನೆ ನನಗೆ. ಲೊರೇನ್ ಲೋಟವನ್ನು ಮೇಜಿನ ಮೇಲಿಟ್ಟು ಹೋಗಿ ಕಿಟಕಿಯ ಪರದೆ ಎಳೆದಳು. ಆಮೇಲೆ ಇನ್ನೊಂದು ಕಿಟಕಿಯದ್ದನ್ನೂ ಎಳೆದಳು. ಕೋಣೆ ಕತ್ತಲಾಯಿತು. ಕತ್ತಲಲ್ಲಿ ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಬಂದೆ ಮಾರ್ಲಿಸ್. ನಾನೇ. ಬಾಯಿ ತೆಗಿ," ಎಂದಳು, ತನ್ನ ಧ್ವನಿಯಲ್ಲಿ.

"ಎಲ್ಲೇ ಹೋಗಿದ್ದೆ ಇಷ್ಟು ಹೊತ್ತು," ಎಂದಳು ಮಾರ್ಲಿಸ್. ಮಾತ್ರೆ ನುಂಗಿದಳು. ನೀರು ಕುಡಿದಳು. ನಿಟ್ಟುಸಿರು ಬಿಟ್ಟಳು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನನಗೆ ಅವಳ ಕೈ ಹೊದಿಕೆಯಿಂದ ಹೊರಗೆ ಬಂದದ್ದು ಕಂಡಿತು. ಅದು ಮೇಲಕ್ಕೆದ್ದು ಲೊರೇನಳ ಹೆಗಲನ್ನು ತಡವಿ ಕುತ್ತಿಗೆಯ ಹಿಂದಕ್ಕೆ ಹೋಗುತ್ತಿತ್ತು.

"ಬಾ, ತಿರುಗಿ ಕೂತ್ಕೋ. ಹೆಣೀತೀನಿ. ಶಿಫ್ಟಿಗೆ ತಡ ಆಗತ್ತೆ."

ಲೊರೇನ್ ಆ ಕೈಯನ್ನು ಅರ್ಧದಲ್ಲೇ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಇವತ್ತು ರಜೆ ಕಣೇ," ಎಂದಳು.